ಗಂಟೆ ಮೂರೂವರೆ ನಿಮಿಷ ಬಾರಿಸುತ್ತದೆ: ಲೋಕಸಭೆಯ ಒಂದು ದಿನವನ್ನು ಓದುವುದು ಹೇಗೆ?

‘ಗದ್ದಲದ ನಡುವೆಯೇ ಮಸೂದೆ ಅಂಗೀಕಾರ’. ಈ ತಲೆಬರಹವನ್ನು ಎಷ್ಟು ಸಲ ಓದಿ ಪುಟ ತಿರುವಿದ್ದೇವೋ ಲೆಕ್ಕವಿಲ್ಲ. ಆ ಮಸೂದೆ ಅದೇ ದಿನ, ಅದೇ ಹೊತ್ತಿಗೆ ಬರಬೇಕೆಂದು ಗೊತ್ತು ಮಾಡಿದವರು ಯಾರು, ಅದಕ್ಕೆ ಎಷ್ಟು ಗಂಟೆ ಕೊಟ್ಟಿದ್ದರು, ನಮ್ಮ ಕ್ಷೇತ್ರದ ಸಂಸದರು ಹೌದು ಎಂದರೋ ಅಲ್ಲ ಎಂದರೋ? ನಾಲ್ಕು ಪದಗಳ ತಲೆಬರಹದಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಆದರೆ ಇವು ಗುಟ್ಟಿನ ವಿಷಯಗಳೂ ಅಲ್ಲ. ಒಂದು ಹಾಳೆ, ಒಂದು ಟಿ.ವಿ. ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಕುಳಿತು ತಿಳಿದುಕೊಳ್ಳಬಹುದು.

ಮೊದಲು ಆ ದಿನದ ಕಾರ್ಯಸೂಚಿ ತೆಗೆಯಿರಿ

ಅಧಿವೇಶನ ನಡೆಯುವ ದಿನಗಳಲ್ಲಿ ಮರುದಿನದ ಕಾರ್ಯಸೂಚಿ ಸಂಸತ್ತಿನ ಜಾಲತಾಣಕ್ಕೆ ಬರುತ್ತದೆ. ಒಂದೇ ದಿನಕ್ಕೆ ಪರಿಷ್ಕೃತ ಪಟ್ಟಿ, ಪೂರಕ ಪಟ್ಟಿ ಎಂದು ಎರಡು ಮೂರು ಆವೃತ್ತಿಗಳು ಇರಬಹುದು. ಯಾವಾಗಲೂ ಕೊನೆಯದನ್ನು ಹಿಡಿಯಿರಿ. ನಾನು ಮೊದಲ ಸಲ ಹಿಂದಿನ ರಾತ್ರಿಯ ಹಾಳೆಯನ್ನೇ ಮುಂದಿಟ್ಟುಕೊಂಡು ಟಿ.ವಿ. ನೋಡುತ್ತ ಕುಳಿತು, ಸದನದಲ್ಲಿ ಯಾವ ಮಸೂದೆ ನಡೆಯುತ್ತಿದೆ ಎಂದೇ ತಿಳಿಯದೆ ಅರ್ಧ ದಿನ ಕಳೆದಿದ್ದೆ. ಪೂರಕ ಪಟ್ಟಿ ಬೆಳಿಗ್ಗೆ ಬಂದಿತ್ತು.

ಹಾಳೆಯ ಮೇಲ್ಭಾಗ ಹೆಚ್ಚುಕಡಿಮೆ ದಿನವೂ ಒಂದೇ. 11 ಗಂಟೆಗೆ ಪ್ರಶ್ನೋತ್ತರ ವೇಳೆ. ಸಚಿವರು ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು 20, ಲಿಖಿತ ಉತ್ತರ ಸಾಕು ಎನ್ನುವವು 230. ಮಧ್ಯಾಹ್ನ 12ರ ನಂತರ ದಾಖಲೆಗಳ ಮಂಡನೆ, ಶೂನ್ಯವೇಳೆ. ನಮ್ಮೆಲ್ಲರ ಬಾಯಲ್ಲಿರುವ ಈ ‘ಶೂನ್ಯವೇಳೆ’ ಸದನದ ನಿಯಮಾವಳಿಯಲ್ಲಿಲ್ಲ, ರೂಢಿಯಿಂದ ಬಂದ ಹೆಸರು. ರಾಜ್ಯಸಭೆಯ ಹಾಳೆ ನೋಡುವವರು ಇದನ್ನು ತಲೆಕೆಳಗು ಮಾಡಿಕೊಳ್ಳಬೇಕು. ಅಲ್ಲಿ 2014ರ ಕೊನೆಯಿಂದ ಪ್ರಶ್ನೋತ್ತರ ವೇಳೆ ಶುರುವಾಗುವುದೇ ಮಧ್ಯಾಹ್ನ 12ಕ್ಕೆ.

ನಮಗೆ ಬೇಕಾದದ್ದು ಇದರ ಕೆಳಗಿರುವ ಭಾಗ, ಶಾಸನ ಕಾರ್ಯ. ಅಲ್ಲಿ ಒಬ್ಬೊಬ್ಬ ಸಚಿವರ ಹೆಸರಿನ ಮುಂದೆ ಎರಡು ಬಗೆಯ ಸಾಲುಗಳಿರುತ್ತವೆ. ‘ಮಸೂದೆಯನ್ನು ಮಂಡಿಸಲು ಅನುಮತಿ ಕೋರುವರು’ ಎಂದಿದ್ದರೆ ಅದು ಮಸೂದೆಯ ಹುಟ್ಟು, ಅಷ್ಟೇ. ಆ ದಿನ ದೊಡ್ಡ ಚರ್ಚೆ ನಡೆಯುವುದು ಅಪರೂಪ. ‘ಪರ್ಯಾಲೋಚಿಸಬೇಕೆಂದು ಪ್ರಸ್ತಾಪಿಸುವರು, ಅಂಗೀಕರಿಸಬೇಕೆಂದೂ ಪ್ರಸ್ತಾಪಿಸುವರು’ ಎಂದು ಜೋಡಿಯಾಗಿ ಬಂದರೆ ಬೇರೆ ಕೆಲಸ ಬದಿಗಿಟ್ಟು ಕುಳಿತುಕೊಳ್ಳಿ. ಆ ಮಸೂದೆಯ ಹಣೆಬರಹ ಅಂದೇ ತೀರ್ಮಾನವಾಗಬಹುದು.

ಶುಕ್ರವಾರದ ಹಾಳೆಯಲ್ಲಿ ಇನ್ನೊಂದು ಬದಲಾವಣೆ ಇದೆ. ದಿನದ ಕೊನೆಯ ಎರಡೂವರೆ ಗಂಟೆ ಸಚಿವರಲ್ಲದ ಸದಸ್ಯರಿಗೆ ಮೀಸಲು. ಒಂದು ವಾರ ಅವರ ಮಸೂದೆಗಳು, ಇನ್ನೊಂದು ವಾರ ಅವರ ನಿರ್ಣಯಗಳು. ಯಾರ ಸರದಿ ಮೊದಲು ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡುತ್ತಾರೆ. 1952ರಿಂದ ಈವರೆಗೆ ಇಂಥ ಖಾಸಗಿ ಮಸೂದೆಗಳಲ್ಲಿ ಕಾನೂನಾದವು 14 ಮಾತ್ರ, ಕೊನೆಯದು 1970ರಲ್ಲಿ. ಶುಕ್ರವಾರ ಸಂಜೆ ಸದನ ಖಾಲಿ ಹೊಡೆಯುವುದು ಯಾಕೆ ಎಂದು ಬೇರೆ ಹೇಳಬೇಕಿಲ್ಲ.

ಗಂಟೆಗಳನ್ನು ಹಂಚಿದವರು ಯಾರು ಎಂದು ನೋಡಿ

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗಮನ ಕೊಡಬೇಕಾದ, ಆದರೆ ಯಾರೂ ಗಮನ ಕೊಡದ ಜಾಗ ಇದು.

ಅಧಿವೇಶನ ಯಾವಾಗ ಎಂಬುದನ್ನು ಸರ್ಕಾರ ನಿರ್ಧರಿಸುತ್ತದೆ. ಸಂಸದೀಯ ವ್ಯವಹಾರಗಳ ಸಂಪುಟ ಸಮಿತಿ ದಿನಾಂಕ ಸೂಚಿಸುತ್ತದೆ, ರಾಷ್ಟ್ರಪತಿ ಸದನ ಕರೆಯುತ್ತಾರೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎನ್ನುವುದಷ್ಟೇ ಸಂವಿಧಾನದ 85ನೇ ವಿಧಿ ಹಾಕಿದ ಕಟ್ಟು. ಬಜೆಟ್, ಮುಂಗಾರು, ಚಳಿಗಾಲ ಎಂಬ ಮೂರು ಅಧಿವೇಶನಗಳು ವಾಡಿಕೆ, ಕಡ್ಡಾಯವಲ್ಲ.

ಸದನ ಸೇರಿದ ಮೇಲೆ ಯಾವ ಮಸೂದೆಗೆ ಎಷ್ಟು ಹೊತ್ತು ಎಂಬುದು ಸದನ ಕಲಾಪ ಸಲಹಾ ಸಮಿತಿಯ ಕೋಣೆಯಲ್ಲಿ ಇತ್ಯರ್ಥವಾಗುತ್ತದೆ. ಲೋಕಸಭೆಯ ಈ ಸಮಿತಿಯಲ್ಲಿ ಹೆಚ್ಚೆಂದರೆ 15 ಮಂದಿ, ಸ್ಪೀಕರ್ ಅವರೇ ಅಧ್ಯಕ್ಷರು. ರಾಜ್ಯಸಭೆಯಲ್ಲಿ 11 ಮಂದಿ, ಸಭಾಪತಿ ಅಧ್ಯಕ್ಷರು. ಪಕ್ಷಗಳ ನಾಯಕರು ಕುಳಿತು ಈ ಮಸೂದೆಗೆ ಎರಡು ಗಂಟೆ, ಆ ಮಸೂದೆಗೆ ನಾಲ್ಕು ಗಂಟೆ ಎಂದು ಹಂಚುತ್ತಾರೆ. ಸಾಮಾನ್ಯವಾಗಿ ಒಮ್ಮತದಿಂದಲೇ ತೀರ್ಮಾನ. ವರದಿ ಸದನದ ಮುಂದೆ ಬರುತ್ತದೆ, ಸದನ ಒಪ್ಪುತ್ತದೆ. ಬಳಿಕ ಆ ಗಂಟೆಗಳನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಮತ್ತೆ ತುಂಡು ಮಾಡುತ್ತಾರೆ. ನಿಮ್ಮ ಸಂಸದರು ಸ್ಪೀಕರ್ ಪೀಠದ ಗಂಟೆಗೆ ಬೆಚ್ಚಿ ವಾಕ್ಯದ ನಡುವೆಯೇ ಕುಳಿತುಬಿಟ್ಟರೆ ಅವರನ್ನು ಬೈಯುವ ಮುನ್ನ ಅವರ ಪಕ್ಷಕ್ಕೆ ಸಿಕ್ಕಿದ್ದೇ ಎಂಟು ನಿಮಿಷವಿರಬಹುದು ಎಂಬುದು ನೆನಪಿರಲಿ.

ಹಂಚಿದ ಸಮಯ ಕಲ್ಲಿನಲ್ಲಿ ಕೆತ್ತಿದ್ದಲ್ಲ. ವಕ್ಫ್ ತಿದ್ದುಪಡಿ ಮಸೂದೆಗೆ ಗೊತ್ತು ಮಾಡಿದ್ದು 8 ಗಂಟೆ. 2025ರ ಏಪ್ರಿಲ್ 2ರ ಮಧ್ಯಾಹ್ನ ಶುರುವಾದ ಕಲಾಪ ನಡುರಾತ್ರಿ ದಾಟಿತು. ಮತ ಎಣಿಸಿದ್ದು 3ರ ನಸುಕಿನಲ್ಲಿ, ಪರ 288, ವಿರುದ್ಧ 232. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಬಜೆಟ್ ಅಧಿವೇಶನದಲ್ಲಿ ಸಚಿವಾಲಯಗಳ ಅನುದಾನ ಬೇಡಿಕೆಗಳಿಗೆ ಇಷ್ಟು ದಿನ ಎಂದು ನಿಗದಿಯಾಗಿರುತ್ತದೆ. ಕೊನೆಯ ದಿನ ಗೊತ್ತಾದ ಹೊತ್ತಿಗೆ ಸ್ಪೀಕರ್ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಸಂಸದೀಯ ಭಾಷೆಯಲ್ಲಿ ಇದಕ್ಕೆ ‘ಗಿಲೊಟಿನ್’ ಎಂದು ಹೆಸರು, ತಲೆ ಕಡಿಯುವ ಯಂತ್ರದ್ದೇ ಹೆಸರು. 2018ರ ಮಾರ್ಚ್ 14ರಂದು ಲೋಕಸಭೆಯಲ್ಲಿ ಒಂದೂ ಸಚಿವಾಲಯದ ಬೇಡಿಕೆ ಚರ್ಚೆಯಾಗದೆ ಎಲ್ಲವೂ ಹೀಗೆ ದಾಟಿಹೋದವು. ದೇಶದ ವರ್ಷದ ಖರ್ಚು ಒಂದು ಮಾತೂ ಇಲ್ಲದೆ ಮಂಜೂರು!

ಮಸೂದೆ ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸಿ

ಮಸೂದೆ ಹತ್ತುವ ಮೆಟ್ಟಿಲಿಗೆ ‘ವಾಚನ’ ಎಂದು ಹೆಸರು, ಅವು ಮೂರು. ಮಂಡನೆ ಮೊದಲ ವಾಚನ. ಎರಡನೆಯದರಲ್ಲಿ ಎರಡು ಭಾಗ: ಮಸೂದೆಯ ಒಟ್ಟು ಆಶಯದ ಮೇಲೆ ಚರ್ಚೆ, ಆಮೇಲೆ ಖಂಡ ಖಂಡವಾಗಿ, ಅಂದರೆ ಮಸೂದೆಯ ಒಂದೊಂದೇ ಕಲಮು ಹಿಡಿದು ಪರಿಶೀಲನೆ. ‘ಮಸೂದೆಯನ್ನು ಅಂಗೀಕರಿಸಬೇಕು’ ಎಂಬ ಪ್ರಸ್ತಾಪ ಮೂರನೆಯದು. ನಡುವೆ ಮಸೂದೆ ಸ್ಥಾಯಿ ಸಮಿತಿಗೋ ಜಂಟಿ ಸಮಿತಿಗೋ ಹೋಗಬಹುದು, ಹೋಗದೆಯೂ ಇರಬಹುದು.

ಹೊಸಬರು ಎಡವುವುದು ಖಂಡಗಳ ಹಂತದಲ್ಲಿ. ಅಷ್ಟು ಹೊತ್ತು ನಿಧಾನವಾಗಿ ಸಾಗಿದ ಸದನ ಇದ್ದಕ್ಕಿದ್ದಂತೆ ಓಡತೊಡಗುತ್ತದೆ. ಪೀಠದಿಂದ ‘ಖಂಡ 2ರಿಂದ 14 ಮಸೂದೆಯ ಭಾಗವಾಗಿರತಕ್ಕದ್ದು’ ಎಂಬ ಮಾತು, ಒಂದು ‘ಹೌದು’, ಒಂದು ‘ಅಲ್ಲ’, ಮುಂದಿನ ಖಂಡ. ತಿದ್ದುಪಡಿ ಸೂಚಿಸಿದ ಸದಸ್ಯರ ಹೆಸರು ಕರೆದಾಗ ಅವರು ಎದ್ದು ‘ಮಂಡಿಸುತ್ತೇನೆ’ ಎನ್ನದಿದ್ದರೆ ಆ ತಿದ್ದುಪಡಿ ಅಲ್ಲಿಗೆ ಮುಗಿಯಿತು. ಖಂಡ 1 ಕೊನೆಗೆ ಬರುತ್ತದೆ, ಅದರ ಜೊತೆಗೆ ಅಧಿನಿಯಮನ ಸೂತ್ರ (‘ಸಂಸತ್ತು ಈ ಶಾಸನ ಮಾಡಿದೆ’ ಎನ್ನುವ ಸಾಲು) ಮತ್ತು ಮಸೂದೆಯ ದೀರ್ಘ ಶೀರ್ಷಿಕೆ. ‘ಖಂಡ 1’ ಎಂದು ಕೇಳಿದರೆ ಶುರುವಾಯಿತು ಎಂದುಕೊಳ್ಳಬೇಡಿ, ಮುಗಿಯುತ್ತ ಬಂದಿದೆ ಎಂದೇ ಅರ್ಥ.

ಕಿವಿಗೊಟ್ಟು ಕೇಳಿ, ಆಮೇಲೆ ಗಂಟೆ

ಸಂಸತ್ತಿನ ಬಹುಪಾಲು ತೀರ್ಮಾನಗಳು ಧ್ವನಿಮತದಲ್ಲಿ ಮುಗಿಯುತ್ತವೆ. ಸ್ಪೀಕರ್ ಪ್ರಸ್ತಾಪವನ್ನು ಸದನದ ಮುಂದಿಡುತ್ತಾರೆ. ಪರವಾಗಿರುವವರು ‘ಹೌದು’ ಎನ್ನುತ್ತಾರೆ, ವಿರುದ್ಧ ಇರುವವರು ‘ಅಲ್ಲ’ ಎನ್ನುತ್ತಾರೆ. ಪೀಠ ಮೊದಲು ‘ಹೌದು ಎನ್ನುವವರ ಪರವಾಗಿದೆ ಎಂದು ಭಾವಿಸುತ್ತೇನೆ’ ಎನ್ನುತ್ತದೆ. ಆ ‘ಭಾವಿಸುತ್ತೇನೆ’ ಮುಖ್ಯ. ಅದಿನ್ನೂ ತೀರ್ಪಲ್ಲ. ಯಾರೂ ತಕರಾರು ತೆಗೆಯದಿದ್ದರೆ ಮಾತ್ರ ಎರಡನೇ ಸಲ ಹೇಳಿ ಖಚಿತ ಮಾಡುತ್ತದೆ. ಈ ಎರಡು ವಾಕ್ಯಗಳ ನಡುವಿನ ಉಸಿರಿನಷ್ಟು ಬಿಡುವಿನಲ್ಲಿ ‘ಮತವಿಭಜನೆ ಬೇಕು’, ಅಂದರೆ ಮತಗಳನ್ನು ಎಣಿಸಿ ಎಂದು ಕೂಗಬೇಕು.

ಕೂಗು ಸದಸ್ಯರ ಆಸನದಿಂದಲೇ ಬರಬೇಕೇ, ಸದನದ ಬಾವಿಯಿಂದ, ಅಂದರೆ ಪೀಠದ ಮುಂದಿನ ಖಾಲಿ ಜಾಗದಿಂದ ಬಂದರೂ ನಡೆದೀತೇ? 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾದಾಗ ಜಗಳ ಹತ್ತಿಕೊಂಡದ್ದು ಇಲ್ಲೇ. ಕೇಳಿದ್ದೆವು, ಕೊಡಲಿಲ್ಲ ಎಂದು ವಿರೋಧ ಪಕ್ಷಗಳು. ಕೇಳಿದವರು ತಮ್ಮ ಆಸನದಲ್ಲಿರಲಿಲ್ಲ ಎಂದು ಪೀಠ.

ಮತವಿಭಜನೆ ಎಂದಾದರೆ ಲೋಕಸಭೆಯಲ್ಲಿ ಮೊದಲು ಮೊಗಸಾಲೆ ತೆರವುಗೊಳಿಸಲು ಆದೇಶ ಬರುತ್ತದೆ. ಆಗ ಗಂಟೆ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವರು, ಕಾರಿಡಾರಿನಲ್ಲಿ ಫೋನು ಹಿಡಿದವರು, ಗ್ರಂಥಾಲಯದಲ್ಲಿ ತೂಕಡಿಸುತ್ತಿದ್ದವರು ಎಲ್ಲರೂ ದಡಬಡ ಓಡಿ ಬರಲು ಇರುವ ಅವಧಿ ಮೂರೂವರೆ ನಿಮಿಷ. ಆಮೇಲೆ ಬಾಗಿಲು ಬಂದ್. ಹೊರಗೆ ಉಳಿದವರು ಹೊರಗೇ. ಸ್ಪೀಕರ್ ಪ್ರಶ್ನೆಯನ್ನು ಎರಡನೇ ಸಲ ಸದನದ ಮುಂದಿಡುತ್ತಾರೆ, ಮತ್ತೆ ತಕರಾರು ಬಂದರೆ ಯಂತ್ರಕ್ಕೆ ಸರದಿ.

ಹಸಿರು ಗುಂಡಿ ಹೌದು, ಕೆಂಪು ಅಲ್ಲ, ಹಳದಿ ತಟಸ್ಥ. ಹಳೆಯ ಭವನದಲ್ಲಿ ಇದಕ್ಕೆ ಎರಡೂ ಕೈ ಬೇಕಾಗುತ್ತಿತ್ತು. ಒಂದು ಕೈಯಲ್ಲಿ ಮತ ಚಾಲನೆಯ ಸ್ವಿಚ್ಚು, ಇನ್ನೊಂದರಲ್ಲಿ ಬೇಕಾದ ಬಣ್ಣದ ಗುಂಡಿ. ಮೊದಲ ಸದ್ದಿನಿಂದ ಎರಡನೇ ಸದ್ದಿನವರೆಗೆ, ಅಂದರೆ 10 ಸೆಕೆಂಡು, ಎರಡನ್ನೂ ಒತ್ತಿ ಹಿಡಿಯಬೇಕು. ಪಕ್ಕದವರ ಗುಂಡಿಯನ್ನೂ ಒತ್ತಿ ಉಪಕಾರ ಮಾಡಲು ಕೈ ಉಳಿಯದಂತೆ ಮಾಡಿದ ಏರ್ಪಾಡು ಎಂದು ನನಗೆ ಅನ್ನಿಸುತ್ತದೆ. ಯಂತ್ರ ಕೈಕೊಟ್ಟರೆ, ತಪ್ಪು ಗುಂಡಿ ಒತ್ತಿದ್ದರೆ ಚೀಟಿಯಲ್ಲಿ ಮತ. ಹೊಸ ಭವನದಲ್ಲಿ ಬಂದ ಮೊದಲ ಮಸೂದೆ, ಮಹಿಳಾ ಮೀಸಲಾತಿಯದು, 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಚೀಟಿಗಳಿಂದಲೇ ಅಂಗೀಕಾರವಾಯಿತು.

ಫಲಿತಾಂಶ ಓದುವಾಗ ಸ್ಪೀಕರ್ ‘ತಿದ್ದುಪಡಿಗೆ ಒಳಪಟ್ಟು’ ಎಂದು ಸೇರಿಸುತ್ತಾರೆ. ಇಲ್ಲಿ ತಿದ್ದುವುದು ಮಸೂದೆಯನ್ನಲ್ಲ, ಮತಗಳ ಅಂಕಿಯನ್ನು. ಟಿ.ವಿ. ಪರದೆಯ ಮೇಲೆ ಮೊದಲು ಕಂಡ ಅಂಕಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಆತುರಪಡಬೇಡಿ. ಚೀಟಿ ಕೂಡಿದ ಮೇಲೆ ಅದು ಬದಲಾಗುತ್ತದೆ.

ಗೆದ್ದವರು ಯಾರು ಎಂದು ನೀವೇ ಲೆಕ್ಕ ಹಾಕಿ

ಸಾಮಾನ್ಯ ಮಸೂದೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಕು. ತಟಸ್ಥರು ಈ ಲೆಕ್ಕಕ್ಕೆ ಸೇರುವುದಿಲ್ಲ. ಸ್ಪೀಕರ್ ಮೊದಲಿಗೆ ಮತ ಹಾಕುವುದಿಲ್ಲ, ಎರಡೂ ಕಡೆ ಸಮಸಮ ಬಂದರೆ ಮಾತ್ರ ನಿರ್ಣಾಯಕ ಮತ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರದ ವಿಶ್ವಾಸಮತಕ್ಕೆ ಪರ 269, ವಿರುದ್ಧ 270 ಬಂದವು. ಸರ್ಕಾರ ಒಂದೇ ಮತದಿಂದ ಬಿತ್ತು.

ಸಂವಿಧಾನ ತಿದ್ದುಪಡಿಯಾದರೆ ಎರಡು ಗೆರೆ ದಾಟಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು. ಮಹಿಳಾ ಮೀಸಲಾತಿಯನ್ನೇ ತೆಗೆದುಕೊಳ್ಳಿ. ಪರ 454, ವಿರುದ್ಧ 2, ಒಟ್ಟು 456. ಇದರ ಮೂರನೇ ಎರಡು 304. ಲೋಕಸಭೆಯ 543ರ ಅರ್ಧ ದಾಟಲು 272. ಎರಡೂ ಗೆರೆ ಸಲೀಸು. ಮತ ಹಾಕುವವರು ಕಡಿಮೆ ಇದ್ದ ದಿನ ಮೊದಲ ಗೆರೆಯೇ ಕಷ್ಟ, ಸದನ ತುಂಬಿದ ದಿನ ಎರಡನೆಯದು.

ಫಲಿತಾಂಶ ಅಚ್ಚರಿ ಹುಟ್ಟಿಸುವುದು ಅಪರೂಪ, ಅದಕ್ಕೆ ಕಾರಣ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. ಪಕ್ಷ ವಿಪ್ ಹೊರಡಿಸಿದ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಹಾಕದೆ ಉಳಿದರೂ ಸರಿ, 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯಡಿ ಸದಸ್ಯತ್ವಕ್ಕೇ ಕುತ್ತು. ಪಕ್ಷ 15 ದಿನಗಳೊಳಗೆ ಕ್ಷಮಿಸಿದರೆ ಬಚಾವು.

ಕೊನೆಯದಾಗಿ ಹೆಸರು ಹುಡುಕಿ

ಮತವಿಭಜನೆ ಯಂತ್ರದಲ್ಲೋ ಚೀಟಿಯಲ್ಲೋ ನಡೆದಿದ್ದರೆ ಆ ದಿನದ ನಡಾವಳಿಯಲ್ಲಿ ಹೌದು ಎಂದವರ ಮತ್ತು ಅಲ್ಲ ಎಂದವರ ಹೆಸರುಗಳು ಸಾಲಾಗಿ ಅಚ್ಚಾಗುತ್ತವೆ. ಜಾಲತಾಣದಲ್ಲಿ ನಡಾವಳಿ ತೆರೆದು, ಮಸೂದೆಯ ಚರ್ಚೆ ಮುಗಿಯುವ ಜಾಗಕ್ಕೆ ಹೋಗಿ ನಿಮ್ಮ ಸಂಸದರ ಹೆಸರು ಹುಡುಕಿ. ಸಂವಿಧಾನ ತಿದ್ದುಪಡಿಗೆ ಮತವಿಭಜನೆ ಕಡ್ಡಾಯವಾದ್ದರಿಂದ ಅಲ್ಲಿ ಪಟ್ಟಿ ಸಿಕ್ಕೇ ಸಿಗುತ್ತದೆ. ಎದ್ದುನಿಂತವರನ್ನು ತಲೆ ಎಣಿಸಿ ಮುಗಿಸಿದ್ದರೆ ಸಂಖ್ಯೆ ಗೊತ್ತಾಗುತ್ತದೆ, ಹೆಸರು ಸಿಗುವುದಿಲ್ಲ. ಧ್ವನಿಮತವಾಗಿದ್ದರೆ ಸಂಖ್ಯೆಯೂ ಇಲ್ಲ. ಆಗ ಅದೇ ನಡಾವಳಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, ಆ ಸಂಸದರು ಚರ್ಚೆಯಲ್ಲಿ ಏನಾದರೂ ಮಾತನಾಡಿದ್ದರೇ, ಯಾವ ಖಂಡಕ್ಕಾದರೂ ತಿದ್ದುಪಡಿ ಮಂಡಿಸಿದ್ದರೇ ಎಂದು ನೋಡಿಕೊಳ್ಳುವುದೊಂದೇ ದಾರಿ.