ದುಡ್ಡು ಕೊಟ್ಟವರೇ ಮೊದಲು ಬಿಟ್ಟು ಹೋದರು

ಆನ್‌ಲೈನ್ ಗೇಮ್ ಒಂದರ ಶಾಪ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ವರಮಾನ ಏರುತ್ತಲೇ ಇತ್ತು. ಯಾರಿಗೂ ಚಿಂತೆಯಿರಲಿಲ್ಲ. ನಾನು ಮೊದಲು ಆ ಒಟ್ಟು ಅಂಕಿಯನ್ನು ಒಡೆದು ನೋಡಿದೆ: ಕಳೆದ ವರ್ಷ ಹಣ ಕೊಟ್ಟವರಲ್ಲಿ ಈಗಲೂ ಆಡುತ್ತಿರುವವರು ಎಷ್ಟು ಮಂದಿ? ಹಳಬರು ಸಾಲುಸಾಲಾಗಿ ಬಿಟ್ಟು ಹೋಗಿದ್ದರು. ಹೊಸಬರ ಖರೀದಿಯ ಮರೆಯಲ್ಲಿ ಅದು ಕಾಣುತ್ತಿರಲಿಲ್ಲ, ಅಷ್ಟೇ.

ಹೋದವರು ಬರೆದಿದ್ದ ಸಪೋರ್ಟ್ ಟಿಕೆಟ್‌ಗಳನ್ನು, ಅಂದರೆ ದೂರುಗಳನ್ನು, ಕೂತು ಓದಿದೆ. ಬೆಲೆ ಜಾಸ್ತಿ ಎಂದವರು ಕಡಿಮೆ. ಚಂದಾ ಕಟ್ಟಿ, ತಿಂಗಳುಗಟ್ಟಲೆ ಆಡಿ ಗಳಿಸಿದ ಕತ್ತಿಗಿಂತ ಬಲವಾದದ್ದು ಮಾರನೇ ವಾರವೇ ಶಾಪ್‌ಗೆ ಬಂತಲ್ಲ ಎಂಬುದು ಹೆಚ್ಚಿನವರ ನೋವು. ಹಣ ಕೊಟ್ಟ ಮೇಲೂ ಲಾಗಿನ್ ಆದ ಕೂಡಲೇ ಇನ್ನಷ್ಟು ಕೊಳ್ಳಿ ಎನ್ನುವ ಪಾಪ್‌ಅಪ್. ಆಟದಲ್ಲಿ ಗಳಿಸಿದ್ದನ್ನು ಇಡುವ ಚೀಲದಲ್ಲಿ ಜಾಗ ಸಾಲದಂತೆ ಬೇಕೆಂದೇ ಮಾಡಿ, ಆ ಜಾಗವನ್ನೇ ಮಾರುವುದು. ಇದು ನನಗೆ ಇಂದಿಗೂ ಸಹಿಸಲಾಗದ ತಂತ್ರ.

2011ರ ಜೂನ್‌ನಲ್ಲಿ ಈವ್ ಆನ್‌ಲೈನ್‌ನಲ್ಲಿ ನಡೆದದ್ದನ್ನು ನಮ್ಮ ತಂಡಕ್ಕೆ ಆಗಾಗ ಹೇಳುತ್ತಿದ್ದೆ. ಆಗ ಚಂದಾ ಕಟ್ಟಿಯೇ ಆಡಬೇಕಿದ್ದ ಆ ಗೇಮ್‌ನಲ್ಲಿ ಪಾತ್ರ ಹಾಕಿಕೊಳ್ಳುವ ಒಂಟಿಗಣ್ಣಿನ ಕನ್ನಡಕಕ್ಕೆ 60 ಡಾಲರ್ ಆಸುಪಾಸು ಬೆಲೆಯಿಟ್ಟರು. ಅದರಿಂದ ಯಾರ ಬಲವೂ ಹೆಚ್ಚುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಕಂಪನಿಯ ಒಳಗಿನ ದಾಖಲೆಯೊಂದು ಸೋರಿ, ನಾಳೆ ಹಡಗು, ಮದ್ದುಗುಂಡುಗಳನ್ನೂ ಮಾರುತ್ತಾರೆಂಬ ಭಯ ಹುಟ್ಟಿತು. ಆಟಗಾರರು ಆಟದೊಳಗಿನ ಜೀಟಾ ಎಂಬ ವ್ಯಾಪಾರ ಕೇಂದ್ರದಲ್ಲಿ ಸೇರಿ, ಅಲ್ಲಿನ ಸ್ಮಾರಕಕ್ಕೆ ಗುಂಡು ಹಾರಿಸಿ ಪ್ರತಿಭಟಿಸಿದರು. ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಹಿಲ್ಮರ್ ಪೆಟುರ್ಸನ್ ಬಹಿರಂಗವಾಗಿ ಕ್ಷಮೆ ಕೇಳಿದರು. ಇನ್ನೊಂದು ಗೇಮ್ ಡಯಾಬ್ಲೊ 3ರಲ್ಲಿ ನಿಜ ಹಣಕ್ಕೆ ಆಯುಧ ಕೊಳ್ಳುವ ಹರಾಜುಕಟ್ಟೆಯನ್ನು 2014ರ ಮಾರ್ಚ್‌ನಲ್ಲಿ ತಯಾರಕರೇ ಮುಚ್ಚಿದರು. ರಾಕ್ಷಸರನ್ನು ಕೊಂದು ಆಯುಧ ಗಳಿಸುವ ಖುಷಿಯನ್ನೇ ಅದು ತಿನ್ನುತ್ತಿತ್ತು.

ಹಾಗಾಗಿ ನಾನೊಂದು ಕಟ್ಟುಪಾಡು ತಂದೆ. ಏನೇ ಮಾರಾಟಕ್ಕಿಡುವ ಮುನ್ನ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರಿಸಬೇಕು: ಈಗಾಗಲೇ ಯಾರ ಕೈಲಿರುವ ವಸ್ತುವಿನ ಬೆಲೆ ಇದರಿಂದ ಇಳಿಯುತ್ತದೆ? ಬಲ ಹೆಚ್ಚಿಸುವ ಆಯುಧಗಳನ್ನು ಶಾಪ್‌ನಿಂದ ತೆಗೆಸಿದೆ. ಅವನ್ನು ಇನ್ನು ಆಡಿಯೇ ಗಳಿಸಬೇಕು. ಹಿಂದೆ ಕೊಂಡವರಿಗೆ ಆ ಮೊತ್ತದ ಕಾಯಿನ್ ಮರಳಿಸಿದೆವು. ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಲೂಟ್ ಬಾಕ್ಸ್ ಬದಲು ಬೇಕಾದ ಸ್ಕಿನ್ (ಪಾತ್ರದ ಅಥವಾ ಆಯುಧದ ಹೊರನೋಟ ಬದಲಿಸುವ ವಸ್ತು) ನೇರವಾಗಿ ಸಿಗುವಂತಾಯಿತು. ಚಂದಾದಾರರಿಗೆ ಪಾಪ್‌ಅಪ್ ನಿಂತಿತು, ಚೀಲದ ಜಾಗ ಬಿಟ್ಟಿಯಾಗಿ ಸಿಕ್ಕಿತು.

ಆರಂಭದಲ್ಲಿ ವರಮಾನ ಬಿತ್ತು. ಮೀಟಿಂಗ್‌ಗಳಲ್ಲಿ ಒತ್ತಡವೂ ಬಿತ್ತು. ವಾರದ ಮಾರಾಟ ನೋಡಬೇಡಿ, ಚಂದಾ ನವೀಕರಿಸಿದವರನ್ನು ಎಣಿಸಿ ಎಂದು ಪಟ್ಟು ಹಿಡಿದೆ. ನಿಧಾನವಾಗಿ ಆ ಸಂಖ್ಯೆ ಮೇಲೇರಿತು. ಮುರಿದುಹೋಗಿದ್ದ ಕೆಲವು ಆಟಗಾರರ ಗುಂಪುಗಳು, ಅಂದರೆ ಗಿಲ್ಡ್‌ಗಳು ಮತ್ತೆ ಕಟ್ಟಿಕೊಂಡವು. ಗಡಿಯಾರ ಓಡಿಸಿ ಅವಸರ ಹುಟ್ಟಿಸುವ ಆಫರ್‌ಗಳು ಮಾತ್ರ ಇನ್ನೂ ಇವೆ. ಅವನ್ನು ತೆಗೆಸಲು ನವೀಕರಣದ ಅಂಕಿಗಳನ್ನೇ ಮುಂದಿಟ್ಟು ವಾದಿಸುತ್ತಿದ್ದೇನೆ.