ಬಾರ್ಡರ್ ಕೋಲಿ ಸಾಕುವುದು ಹೇಗೆ: ಓಡಿಸುವ ಮೊದಲು ನಿಲ್ಲುವುದನ್ನು ಕಲಿಸಿ

ಬಾರ್ಡರ್ ಕೋಲಿ ನಾಯಿಯನ್ನು ಮನೆಗೆ ತಂದವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ಚೆನ್ನಾಗಿ ಓಡಿಸಿ, ದಣಿಸಿ. ಈ ಸಲಹೆ ಅರ್ಧ ಮಾತ್ರ ಸರಿ. ಕುರಿಗಾಹಿಯೊಡನೆ ಗುಡ್ಡಬೆಟ್ಟಗಳಲ್ಲಿ ದಿನವಿಡೀ ದುಡಿಯಲೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ನಾಯಿಯನ್ನು ಬರೀ ಓಡಿಸುತ್ತ ಹೋದರೆ ಅದರ ದಮ್ಮು ಬೆಳೆಯುತ್ತದೆಯೇ ಹೊರತು ಮನಸ್ಸು ತಣಿಯುವುದಿಲ್ಲ.

ಈ ತಳಿಯ ಹುಟ್ಟು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಗಡಿಸೀಮೆಯಲ್ಲಿ. 1893ರಲ್ಲಿ ನಾರ್ಥಂಬರ್ಲೆಂಡ್‌ನ ಆಡಮ್ ಟೆಲ್ಫರ್ ಅವರ ಬಳಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡುನಾಯಿ ಸದ್ದುಗದ್ದಲವಿಲ್ಲದೆ, ನೋಟದ ಬಿಗಿಯಿಂದಲೇ ಕುರಿಗಳನ್ನು ಸರಿಸುತ್ತಿತ್ತು. ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷನೆಂದು ಅದನ್ನೇ ಹೆಸರಿಸುತ್ತಾರೆ. ಆ ನೋಟ ಬೇಟೆಯ ಗುಣದಿಂದಲೇ ಬಂದದ್ದು. ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚುವುದು, ಕೊಲ್ಲುವುದು ಎಂಬ ಸರಣಿಯಲ್ಲಿ ನಡುವಿನ ಘಟ್ಟಗಳನ್ನು ಕುರಿಗಾಹಿಗಳು ಹರಿತಗೊಳಿಸಿ, ಕೊನೆಯವನ್ನು ಅಡಗಿಸಿದರು. ಹೀಗಾಗಿ ಸೈಕಲ್ ಬೆನ್ನಟ್ಟುವ, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವ ಬಾರ್ಡರ್ ಕೋಲಿಯನ್ನು ದುಷ್ಟನಾಯಿ ಎಂದು ಜರೆಯುವುದು ಅನ್ಯಾಯ. ಹಾಗೆಂದು ಆ ವರ್ತನೆಯನ್ನು ಬೆಳೆಯಲು ಬಿಡುವಂತೆಯೂ ಇಲ್ಲ.

ಮೊದಲ ಹೆಜ್ಜೆಯಾಗಿ ನಿಮ್ಮ ನಾಯಿಯನ್ನು ನೋಡಲು ಕಲಿಯಿರಿ. ಬೆನ್ನಟ್ಟುವ ಮುನ್ನ ಅದರ ತಲೆ ಭುಜದ ಮಟ್ಟಕ್ಕೆ ಇಳಿಯುತ್ತದೆ, ಬಾಲ ಹಿಂಗಾಲುಗಳ ನಡುವೆ ತಗ್ಗುತ್ತದೆ, ಒಂದು ಮುಂಗಾಲು ಅರ್ಧಕ್ಕೆ ಎತ್ತಿ ನಿಂತುಬಿಡುತ್ತದೆ, ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ, ಕಣ್ಣು ಗುರಿಯಿಂದ ಕದಲುವುದೇ ಇಲ್ಲ. ನೀವು ಮಧ್ಯೆ ಪ್ರವೇಶಿಸಬೇಕಾದದ್ದು ಈ ಗಳಿಗೆಯಲ್ಲಿ. ಓಟ ಶುರುವಾದ ಮೇಲೆ ಕೂಗಿದರೆ ನಿಮ್ಮ ದನಿ ಅದರ ಕಿವಿಗೆ ಬೀಳುವುದು ಕಷ್ಟ. ದಿಟ್ಟಿಸುತ್ತಿರುವಾಗಲೇ ಹೆಸರು ಹಿಡಿದು ಕರೆದು, ತಿರುಗಿ ನೋಡಿದ ಕೂಡಲೇ ಬಹುಮಾನ ಕೊಟ್ಟು, ಗುರಿಯಿಂದ ದೂರಕ್ಕೆ ಕರೆದೊಯ್ಯಿರಿ. ಕರೆದರೂ ತಿರುಗದಿದ್ದರೆ ನೀವು ಗುರಿಗೆ ತೀರಾ ಹತ್ತಿರದಲ್ಲಿದ್ದೀರಿ ಎಂದರ್ಥ. ಅಂತರ ಹೆಚ್ಚಿಸಿ ಮತ್ತೆ ಪ್ರಯತ್ನಿಸಿ. ಈ ಪಾಠ ಗಟ್ಟಿಯಾಗುವವರೆಗೂ ನಾಯಿಗೆ ಉದ್ದನೆಯ ಹಗ್ಗ ಕಟ್ಟಿಯೇ ಇರಲಿ, ಬಿಚ್ಚಬೇಡಿ.

ಎರಡನೆಯದಾಗಿ ಎರಡು ಆಜ್ಞೆಗಳನ್ನು ಕಲಿಸಿ: ‘ಇದ್ದಲ್ಲೇ ಮಲಗು’ ಮತ್ತು ‘ಇನ್ನು ಸಾಕು’. ಕುರಿಗಾಹಿಗಳು ಇವೆರಡನ್ನೂ ಪ್ರಾಣದಂತೆ ಕಾಪಾಡಿಕೊಳ್ಳುತ್ತಾರೆ. ಮೊದಲನೆಯದು ನಾಯಿಯನ್ನು ದೂರದಿಂದಲೇ ತಡೆಯುತ್ತದೆ. ಎರಡನೆಯದು ಕೆಲಸ ಮುಗಿಯಿತು, ನನ್ನ ಬಳಿ ಬಾ ಎಂದು ಹೇಳುತ್ತದೆ. ಕೆಲಸ ಮುಗಿಯಿತೆಂದು ತಿಳಿಯದ ನಾಯಿ ಮನೆಯೊಳಗೂ ಕೆಲಸ ಹುಡುಕುತ್ತಲೇ ಇರುತ್ತದೆ. ಆಟ ಮುಗಿದಾಗಲೆಲ್ಲ ಒಂದೇ ಪದವನ್ನು ಒಂದೇ ದನಿಯಲ್ಲಿ ಹೇಳಿ, ಆಟಿಕೆಯನ್ನು ಕಣ್ಣಿಗೆ ಬೀಳದಂತೆ ಎತ್ತಿಡಿ, ಮನೆಯವರೆಲ್ಲರೂ ಅದೇ ಪದವನ್ನೇ ಬಳಸುವಂತೆ ನೋಡಿಕೊಳ್ಳಿ.

ಆಮೇಲೆ ತಲೆಗೆ ಕೆಲಸ ಕೊಡಿ. ಅಮೆರಿಕದ ಮನೋವಿಜ್ಞಾನಿ ಜಾನ್ ಪಿಲ್ಲಿ ತಮ್ಮ ಬಾರ್ಡರ್ ಕೋಲಿ ಚೇಸರ್‌ಗೆ 1,022 ವಸ್ತುಗಳ ಹೆಸರು ಕಲಿಸಿದ್ದನ್ನು 2011ರಲ್ಲಿ ಪ್ರಕಟಿಸಿದರು. ಅಷ್ಟು ದೂರ ಹೋಗಬೇಕಿಲ್ಲ. ಎರಡು ಆಟಿಕೆಗಳಿಗೆ ಬೇರೆಬೇರೆ ಹೆಸರಿಟ್ಟು, ಹೇಳಿದ್ದನ್ನೇ ತರುವಂತೆ ಕಲಿಸುವುದರಿಂದ ಆರಂಭಿಸಬಹುದು. ಮುಚ್ಚಿಟ್ಟ ತಿನಿಸನ್ನು ವಾಸನೆಯಿಂದ ಹುಡುಕಿಸುವುದು ಇನ್ನೂ ಸುಲಭ. ನೆಲಕ್ಕೆ ಮೂಗು ಹಚ್ಚಿ ಹುಡುಕುವ ನಾಯಿಗೆ ದಿಟ್ಟಿಸುವ ಚಪಲ ತಾನಾಗಿ ಕಡಿಮೆಯಾಗುತ್ತದೆ.

ಚೆಂಡಿನ ಆಟಕ್ಕೆ ಮಾತ್ರ ಮಿತಿ ಇರಲಿ. ಒಂದೇ ಸಮನೆ ಚೆಂಡು ಎಸೆಯುತ್ತಿದ್ದರೆ ಉದ್ರೇಕ ಏರುತ್ತ ಹೋಗುತ್ತದೆ, ಮೇಲಾಗಿ ಈ ನಾಯಿ ಬಳಲಿದರೂ ತಾನಾಗಿ ನಿಲ್ಲುವುದಿಲ್ಲ. ಕೆಲವು ಬಾರ್ಡರ್ ಕೋಲಿಗಳು, ವಿಶೇಷವಾಗಿ ಸೆಕೆಯಲ್ಲಿ, ಹತ್ತು ಹದಿನೈದು ನಿಮಿಷದ ತೀವ್ರ ಓಟಕ್ಕೇ ತೂರಾಡಿ ಕುಸಿಯುವುದುಂಟು. ಹಾಗಾದರೆ ಆಟ ನಿಲ್ಲಿಸಿ, ತಂಪುಗೊಳಿಸಿ, ತಡಮಾಡದೆ ಪಶುವೈದ್ಯರಲ್ಲಿ ಒಯ್ಯಿರಿ. ಎಲುಬು ಪೂರ್ತಿ ಬಲಿಯದ ಮರಿಗಳನ್ನು ಎತ್ತರದಿಂದ ಜಿಗಿಸಬಾರದು.

ಇನ್ನು ವಿಶ್ರಾಂತಿ. ಇದನ್ನೂ ಕಲಿಸಬೇಕಾಗುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಜನ ಓಡಾಡದ, ಕಿಟಕಿಯಿಂದ ಬೀದಿ ಕಾಣದ ಮೂಲೆಯಲ್ಲಿ ಹಾಸಿಗೆ ಹಾಸಿ, ನಾಯಿ ಅಲ್ಲಿ ತಾನಾಗಿ ಮಲಗಿದಾಗಲೆಲ್ಲ ಸದ್ದಿಲ್ಲದೆ ಒಂದು ತುಣುಕು ತಿನಿಸು ಇಟ್ಟು ಬನ್ನಿ. ಮರಿ ಕಂಡಕಂಡದ್ದನ್ನೆಲ್ಲ ಕಚ್ಚುತ್ತ ಹುಚ್ಚೆದ್ದು ಓಡುತ್ತಿದ್ದರೆ ಅದಕ್ಕೆ ಬೇಕಾದದ್ದು ಬಹಳ ಸಲ ನಿದ್ದೆಯೇ.

ಲೇಸರ್ ಬೆಳಕನ್ನು ಗೋಡೆಯ ಮೇಲೆ ಆಡಿಸಿ ನಾಯಿಯನ್ನು ಕುಣಿಸುವುದನ್ನು ಖಂಡಿತ ಮಾಡಬೇಡಿ. ಹಿಡಿಯಲಾಗದ ಗುರಿಯನ್ನು ಬೆನ್ನಟ್ಟಿದ ಬಾರ್ಡರ್ ಕೋಲಿಗೆ ನೆರಳು, ಪ್ರತಿಫಲನಗಳನ್ನೆಲ್ಲ ಗಂಟೆಗಟ್ಟಲೆ ಕಾಯುವ ಗೀಳು ಅಂಟಿಕೊಳ್ಳಬಹುದು. ಆ ಗೀಳಿನ ಮೊದಲ ಲಕ್ಷಣ ಕಂಡಾಗಲೇ, ಗದರಿಸದೆ, ಪರದೆ ಎಳೆದು ಬೆಳಕನ್ನು ಮರೆಮಾಡಿ ಬೇರೆ ಕೆಲಸಕ್ಕೆ ಹಚ್ಚಿ. ಊಟ ನಿದ್ದೆಗಳನ್ನೂ ಬಿಟ್ಟು ನೆರಳನ್ನೇ ಕಾಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ನಾಯಿಗಳ ವರ್ತನೆ ಬಲ್ಲ ತಜ್ಞರ ನೆರವು ಪಡೆಯಿರಿ.