ಕಾಂಟೆಸ್ಸಾಕ್ಕೆ ಇಂಜೆಕ್ಷನ್ ಹಾಕಿದ ನನ್ನ ಅನುಭವ

ಹೋದ ಜುಲೈಯ ಒಂದು ಬೆಳಿಗ್ಗೆ. ರಾತ್ರಿಯಿಡೀ ಮಳೆ ಹೊಡೆದಿತ್ತು. ನಾಲ್ಕು ದಿನದಿಂದ ಶೆಡ್ಡಿನಲ್ಲೇ ನಿಂತಿದ್ದ ಕಾಂಟೆಸ್ಸಾದ ಕೀ ತಿರುಗಿಸಿದೆ. ಪಂಪ್ ಎರಡು ಸೆಕೆಂಡ್ ಗುಂಯ್ ಎಂದು ನಿಂತಿತು. ಚೋಕ್ ಇಲ್ಲ, ಪೆಡಲ್ ಮುಟ್ಟಲಿಲ್ಲ. ಒಂದೇ ಸೆಲ್ಫ್ ಸ್ಟಾರ್ಟಿಗೆ ಎಂಜಿನ್ ಹಿಡಿಯಿತು. ಒಳಗಿಂದ ಅಮ್ಮ "ಯಾರ ಕಾರು ಬಂದದ್ದು?" ಎಂದು ಕೇಳಿದರು. ನಮ್ಮ ಕಾರು ಸ್ಟಾರ್ಟ್ ಆಗುವ ಶಬ್ದವನ್ನು ಅವರು ಸುಮಾರು ಮೂವತ್ತು ವರ್ಷದಿಂದ ಕೇಳಿದ್ದಾರೆ. ಅದು ಹೀಗಿರಲಿಲ್ಲ.

ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆ ಕಾರ್ಬ್ಯುರೇಟರ್ ತೆಗೆದು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಹಾಕುವುದು ಆಗುವ ಕೆಲಸ ಅಲ್ಲ ಎಂದವರೇ ಜಾಸ್ತಿ. ಕಾಸರಗೋಡಿನ ಬದಿಯಡ್ಕದಲ್ಲಿ ನಾವೆಲ್ಲ ಆಶಾನ್ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇದ್ ನಡಕ್ಕೂಲ ಮೋನೇ" (ಇದು ನಡೆಯುವುದಿಲ್ಲ ಮಗನೇ) ಎಂದು ಕೈ ಒರೆಸಿಕೊಂಡು ಹೋಗಿದ್ದರು. ನಡೆಯಿತು. ಹೇಗೆ ನಡೆಯಿತು, ಎಷ್ಟು ಸುಟ್ಟಿತು ಎಂದು ಬರೆದಿಡುತ್ತೇನೆ.

ಕಾರು 1992ರ ಕಾಂಟೆಸ್ಸಾ ಕ್ಲಾಸಿಕ್. ಇಸುಜು 1.8 ಪೆಟ್ರೋಲ್, 1817 ಸಿಸಿ, ಐದು ಗೇರ್. ಅಪ್ಪ ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅಮೆರಿಕದವರಿಗೆ ಮಸ್ಟಾಂಗ್, ಕಮಾರೋ ಇದ್ದ ಹಾಗೆ ನಮ್ಮ ಕಡೆ ಮಸಲ್ ಕಾರು ಎಂದರೆ ಇದೇ. ಆ ಉದ್ದ ಬಾನೆಟ್ ನೋಡಿ ಬೆಳೆದವನು ನಾನು. ಮಾರುವ ಯೋಚನೆ ಒಮ್ಮೆಯೂ ಬಂದಿಲ್ಲ.

ಕಾರ್ಬ್ಯುರೇಟರಿಗೆ ನಾಲ್ಕು ಸಲ ರಿಪೇರಿ ಕಿಟ್ ಹಾಕಿಸಿದ್ದೇನೆ. ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಮೇಲೆ ಹೋಗಿದೆ. ಮಳೆಗಾಲದಲ್ಲಿ ಸ್ಟಾರ್ಟ್ ಇಲ್ಲ, ಏಪ್ರಿಲ್ ಬಿಸಿಲಿಗೆ ಏರ್‌ಲಾಕ್. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದಾಗ ಕುಂಬಳೆ ಹತ್ತಿರ ಬ್ಲಾಕಿನಲ್ಲಿ ಸಿಕ್ಕಿ, ಕಾರಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮುಕ್ಕಾಲು ಗಂಟೆ ಕೂತದ್ದು ಮರೆಯಲಿಕ್ಕಿಲ್ಲ. ಎಂಜಿನ್ ಮೈಗೆ ಅಂಟಿಕೊಂಡ ಪಂಪ್, ಒತ್ತಡವೇ ಇಲ್ಲದ ಪೈಪ್. ಅಲ್ಲೇ ಪೆಟ್ರೋಲ್ ಕುದಿಯುತ್ತದೆ. ಮೇಲಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್ ಬೇರೆ ಬಂತು.

ನಿಜವಾಗಿ ಎಷ್ಟು ಎಥನಾಲ್ ಇದೆ ಎಂದು ಮನೆಯಲ್ಲೇ ನೋಡಿದೆ. ಗೀಟು ಇರುವ ಗಾಜಿನ ಜಾಡಿಯಲ್ಲಿ 90 ಮಿಲಿ ಪೆಟ್ರೋಲ್, 10 ಮಿಲಿ ನೀರು. ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತದೆ. 10 ಮಿಲಿ ಇದ್ದ ನೀರು 27ರ ಗೀಟು ಮುಟ್ಟಿತ್ತು. ಅಂದರೆ 90 ಮಿಲಿಯಲ್ಲಿ ಹದಿನೇಳು ಮಿಲಿಯಷ್ಟು ಎಥನಾಲ್, ಇ20 (ನೂರಕ್ಕೆ ಇಪ್ಪತ್ತು ಎಥನಾಲ್) ಹತ್ತಿರ ಹತ್ತಿರ. ತೂಕದಲ್ಲಿ ಒಂದು ಪಾಲು ಬರೀ ಪೆಟ್ರೋಲಿಗೆ ಗಾಳಿಯ ಲೆಕ್ಕ 14.7 ಪಾಲು ಆದರೆ ಇದಕ್ಕೆ 13.5ರ ಆಸುಪಾಸು ಬೇಕು. ಕಾರ್ಬ್ಯುರೇಟರಿನ ಹಳೆ ಜೆಟ್ಟಿನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಎಂಜಿನ್ ಯಾವಾಗಲೂ ಅರೆಹೊಟ್ಟೆಯಲ್ಲಿ ಓಡುತ್ತದೆ. ಜೆಟ್ ಕೊರೆದು ದೊಡ್ಡದು ಮಾಡಿದೆ. ಜೋರಾಗಿ ಓಡುವಾಗ ಸರಿಯಾಯಿತು, ಐಡ್ಲಿಂಗ್ ಹಾಳಾಯಿತು. ಇಂಜೆಕ್ಷನ್ ಹಾಕುವುದು ಎಂದು ತೀರ್ಮಾನ ಮಾಡಿದ್ದು ಅಂದೇ.

ನೇರ ಕಾರಿಗೆ ಕೈ ಹಾಕಲಿಲ್ಲ. ಮೊದಲು ತೋಟದ ಹಳೆ ವಿಲ್ಲಿಯರ್ಸ್ ಪಂಪ್‌ಸೆಟ್ ಮೇಲೆ ಕಲಿತೆ. ಸುಟ್ಟರೆ ಅದು ಸುಡಲಿ ಎಂದು. ಇಸಿಯು (ಪೆಟ್ರೋಲ್ ಲೆಕ್ಕ ಹಾಕುವ ಕಂಪ್ಯೂಟರ್) ಸ್ಪೀಡುಯಿನೋ, ಆರ್ಡುಯಿನೋ ಮೆಗಾ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಕೂರುವ ಬೋರ್ಡು. ಒಂದೇ ಸಿಲಿಂಡರ್ ಆದ್ದರಿಂದ ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ರೀಡಿಂಗ್ ಕಪ್ಪೆಯ ಹಾಗೆ ಹಾರುತ್ತಿತ್ತು. ವ್ಯಾಕ್ಯೂಮ್ ಪೈಪಿನ ನಡುವೆ ಔಷಧದ ಸಣ್ಣ ಬಾಟ್ಲಿ ಕಟ್ಟಿ, ಬಾಯಿಗೆ ಒಂದು ಮಿಲಿಮೀಟರ್ ತೂತಿನ ಬಿರಡೆ ಕೊಟ್ಟೆ. ರೀಡಿಂಗ್ ನಿಂತಿತು. ಕಾರಿಗೆ ಇದು ಬೇಡ, ಆದರೆ ಸೆನ್ಸರ್ ಎಂತ ಹೇಳುತ್ತದೆ ಎಂದು ಕಿವಿಗೆ ಬಿದ್ದದ್ದು ಅಲ್ಲಿ. ಆ ಪಂಪ್ ಈಗಲೂ ಇಂಜೆಕ್ಟರಿನಲ್ಲೇ ಓಡುತ್ತದೆ.

ಕಾರಿನಲ್ಲಿ ಮೊದಲು ಮಾಡಿದ್ದು ಸಿಂಗಲ್ ಪಾಯಿಂಟ್, ಎಲ್ಲ ಸಿಲಿಂಡರಿಗೂ ಒಂದೇ ಜಾಗದಿಂದ ಪೆಟ್ರೋಲ್ ಬಿಡುವುದು. ಕಾರ್ಬ್ ಇದ್ದ ಜಾಗಕ್ಕೆ ದಪ್ಪ ಪ್ಲೇಟ್, ಅದರ ಮೇಲೆ ಥ್ರಾಟಲ್ ಬಾಡಿ (ಗಾಳಿಯ ಬಾಗಿಲು), ಎರಡು ಇಂಜೆಕ್ಟರ್. ಅಮೆರಿಕದಲ್ಲಿ ವಿ8 ಎಂಜಿನ್‌ಗಳಿಗೆ ಸಿಗುವ ಹೋಲಿ ಸ್ನೈಪರ್ ತರಹದ ರೆಡಿ ಕಿಟ್‌ಗಳೂ ಹೀಗೇ, ಕಾರ್ಬ್ ತೆಗೆದ ಜಾಗದಲ್ಲಿ ಕೂರುತ್ತವೆ. ನನ್ನದು ಓಡಿತು, ಆದರೆ ಚೆನ್ನಾಗಿ ಅಲ್ಲ. ಪ್ಲಗ್ ಬಿಚ್ಚಿದರೆ ನಡುವಿನ ಎರಡು ಕಪ್ಪು (ಪೆಟ್ರೋಲ್ ಜಾಸ್ತಿ), ಆಚೀಚಿನ ಎರಡು ಬಿಳಿ (ಪೆಟ್ರೋಲ್ ಕಡಿಮೆ). ನನ್ನ ಎಂಜಿನ್‌ನಲ್ಲಿ ಇನ್‌ಟೇಕ್ ಒಂದು ಕಡೆ, ಎಕ್ಸಾಸ್ಟ್ ಇನ್ನೊಂದು ಕಡೆ. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿಗೆ ಬಿಸಿ ಸಾಲದೆ ಪೆಟ್ರೋಲ್ ಗೋಡೆಗೆ ಒದ್ದೆಯಾಗಿ ಅಂಟಿ ನಿಲ್ಲುತ್ತಿತ್ತು. ಎರಡು ತಿಂಗಳು ಮತ್ತು ಸುಮಾರು ಇಪ್ಪತ್ತೆರಡು ಸಾವಿರ ರೂಪಾಯಿ ಇದಕ್ಕೆ ಹೋಯಿತು. ಭಾವ ಬಂದಾಗಲೆಲ್ಲ "ಎಂತ ಭಾವ, ಇನ್ನೂ ಆಗಲಿಲ್ವಾ?" ಎಂದು ಕೇಳುವರು. ನನಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಮಲ್ಟಿ ಪಾಯಿಂಟ್, ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. ಇದ್ದ ಮ್ಯಾನಿಫೋಲ್ಡಿನ ನಾಲ್ಕು ಕೊಳವೆಗೂ, ವಾಲ್ವಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ, ಇಂಜೆಕ್ಟರ್ ಕೂರುವ ಅಲ್ಯೂಮಿನಿಯಂ ಬುಶ್ ಆರ್ಗನ್ ವೆಲ್ಡಿಂಗ್ ಮಾಡಿಸುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಜಾಸ್ತಿ ಜನ ಸೋಲುವುದು ಇಲ್ಲೇ.

ಹಳೆ ಎರಕದ ಅಲ್ಯೂಮಿನಿಯಂ ಮೂವತ್ತು ವರ್ಷದ ಎಣ್ಣೆ ಕುಡಿದಿರುತ್ತದೆ. ವೆಲ್ಡಿಂಗ್ ಕಿಡಿ ತಾಗಿದ ಕೂಡಲೇ ಒಳಗಿಂದ ಕಪ್ಪು ಗುಳ್ಳೆ ಏಳುತ್ತದೆ, ವೆಲ್ಡಿಂಗ್ ಸ್ಪಂಜಿನ ಹಾಗೆ ತೂತು ತೂತು. ಮೊದಲನೇ ಮ್ಯಾನಿಫೋಲ್ಡ್ ಹಾಗೆ ಹೋಯಿತು. ತೂತು ಮುಚ್ಚಲು ಮತ್ತೆ ಮತ್ತೆ ಬಿಸಿ ಕೊಟ್ಟು, ಎಂಜಿನ್ನಿಗೆ ಅಂಟಿ ಕೂರುವ ಚಪ್ಪಟೆ ಮುಖ (ಫ್ಲೇಂಜ್) ಬಾಗಿತು. ಗಾಜಿನ ಮೇಲೆ ಇಟ್ಟರೆ ಒಂದು ತುದಿಯಲ್ಲಿ ಪೋಸ್ಟ್ ಕಾರ್ಡ್ ಮೂರು ಮಡಿಕೆ ಮಾಡಿ ತೂರಿಸಬಹುದಿತ್ತು. ಎರಡನೆಯದನ್ನು ಕೊಯಮತ್ತೂರಿನ ಗುಜರಿಯಿಂದ ತರಿಸಿದೆ, ಮೂರು ಸಾವಿರ ಚಿಲ್ಲರೆ. ಅದನ್ನು ಬಚ್ಚಲುಮನೆಯ ಹಂಡೆ ಒಲೆಯ ಕಟ್ಟೆಯ ಮೇಲೆ ಮೂರು ರಾತ್ರಿ ಇಟ್ಟೆ. ಬೆಂಕಿಗೆ ಅಲ್ಲ, ಕೆಂಡದ ಕಾವಿಗೆ. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಕಂದು ಬೆವರು. ಥಿನ್ನರಿನಲ್ಲಿ ಒರೆಸುವುದು, ಪುನಃ ಇಡುವುದು. ಮೂರನೇ ಬೆಳಿಗ್ಗೆ ಬಟ್ಟೆಗೆ ಏನೂ ಹತ್ತಲಿಲ್ಲ. ಆಮೇಲೆ ಮುಕ್ಕಾಲು ಇಂಚಿನ ಕಬ್ಬಿಣದ ಪ್ಲೇಟಿಗೆ ಬೋಲ್ಟ್ ಬಿಗಿದು, ಹಾಗೇ ವೆಲ್ಡಿಂಗಿಗೆ ಕೊಟ್ಟೆ. ಮಂಗಳೂರಿನ ಆ ವೆಲ್ಡರ್ ಕೈ ಬಂಗಾರ. ನಾಲ್ಕು ಸಾವಿರ ತೆಗೆದುಕೊಂಡರು, ಒಂದು ಗುಳ್ಳೆ ಇಲ್ಲ. ಬುಶ್‌ನ ಕೋನ ಎಷ್ಟು ಎಂದು ಕೇಳಬೇಡಿ. ಅದಕ್ಕೆ ನಾನು ಮರದಲ್ಲಿ ನಾಲ್ಕು ಮಾದರಿ ಕೆತ್ತಿ ನೋಡಿದ್ದೇನೆ. ಆ ಲೆಕ್ಕ ನನ್ನ ಹತ್ತಿರ ಇರಲಿ.

ಇಂಜೆಕ್ಟರ್ ಹಳೆ ಮಾರುತಿ ಎಸ್ಟೀಮ್‌ನದ್ದು. 3 ಬಾರ್ ಒತ್ತಡದಲ್ಲಿ ಅಂಗಳದಲ್ಲಿ ಒಂದು ನಿಮಿಷ ಬಾಟ್ಲಿಗೆ ಬಿಟ್ಟು ಅಳೆದೆ, ಸುಮಾರು 180 ಮಿಲಿ. ಎಂಬತ್ತೈದು ಕುದುರೆ ಶಕ್ತಿಯ ಎಂಜಿನ್ನಿಗೆ 145 ಇದ್ದರೂ ಸಾಕು ಅಲ್ವಾ. ಎಂಟು ತಂದು, ಒಂದರ ಹಾಗೆ ಒಂದು ಬಿಡುವ ನಾಲ್ಕನ್ನು ಆರಿಸಿದೆ.

ಮುಂದಿನ ಶನಿ ವಯರಿಂಗ್. ಮೊದಲು ಆರ್‌ಪಿಎಂ ಸಿಗ್ನಲನ್ನು ಇಗ್ನಿಷನ್ ಕಾಯಿಲ್ ನೆಗೆಟಿವ್‌ನಿಂದ ತೆಗೆದೆ. ಮೂರು ಸಾವಿರ ಆರ್‌ಪಿಎಂ ದಾಟಿದ ಕೂಡಲೇ ಇಸಿಯು ರೀಸೆಟ್, ಎಂಜಿನ್ ಆಫ್. ಬೋರ್ಡ್ ಹಾಳು ಎಂದುಕೊಂಡು ಇನ್ನೊಂದು ತರಿಸಿದೆ, ಹದಿನಾಲ್ಕು ಸಾವಿರ. ಅದೂ ಹಾಗೇ. ಕೊನೆಗೆ ಅಪ್ಪನ ಹಳೆ ರೇಡಿಯೋ ನೆನಪಾಯಿತು. ಎರಡು ಸ್ಟೇಷನ್ ನಡುವೆ ಮುಳ್ಳು ನಿಲ್ಲಿಸಿ, ಎಂಜಿನ್ ಓಡುವಾಗ ವಯರ್ ಉದ್ದಕ್ಕೂ ಹಿಡಿದುಕೊಂಡು ಹೋದೆ. ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಪಕ್ಕ ಬಂದಾಗ ರೇಡಿಯೋ ಸಿಡಿಯುವ ಹಾಗೆ ಕಿರುಚಿತು. ನನ್ನ ಸೆನ್ಸರ್ ವಯರ್ ಪ್ಲಗ್ ವಯರಿನ ಜೊತೆಗೇ ಹೋಗುತ್ತಿತ್ತು. ಎಲ್ಲ ಬಿಚ್ಚಿದೆ. ಶೀಲ್ಡ್ ಇರುವ ಕೇಬಲ್, ರೆಸಿಸ್ಟರ್ ಪ್ಲಗ್, ಅರ್ತ್ ಎಲ್ಲ ಎಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ. ಬಾಡಿಗೆ ಒಂದೂ ಇಲ್ಲ. ಕಾಯಿಲ್ ಸಿಗ್ನಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಇಲ್ಲದ ಚಕ್ರ ಲೇತಿನಲ್ಲಿ ಮಾಡಿಸಿ, ಆ ಹಲ್ಲು ಎಣಿಸಲು ಹಾಲ್ ಸೆನ್ಸರ್ ಇಟ್ಟೆ. ಚಕ್ರವನ್ನು ವೆಲ್ಡಿಂಗ್ ಮಾಡಬೇಡಿ, ಅಲುಗುತ್ತದೆ. ಬೋಲ್ಟ್ ಕೊಡಿ. ಅಂದಿನಿಂದ ಇಂದಿನವರೆಗೆ ಒಂದು ರೀಸೆಟ್ ಇಲ್ಲ. ಮೊದಲ ಬೋರ್ಡಿಗೂ ಏನೂ ಆಗಿರಲಿಲ್ಲ. ಪಂಪ್‌ಸೆಟ್‌ಗೆ ಈಗ ಅದೇ.

ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಲೆಕ್ಕ ಹೇಳುವುದು) ಒಂದು ಸುಟ್ಟಿತು. ಎಲ್‌ಎಸ್‌ಯು 4.9, ಆರು ಸಾವಿರ ರೂಪಾಯಿಯ ಮೇಲೆ ಹೋಯಿತು. ಸೈಲೆನ್ಸರ್ ಪೈಪಿನ ಅಡಿಯಲ್ಲಿ ಕೂರಿಸಿದ್ದೆ. ಬೆಳಿಗ್ಗೆ ಪೈಪಿನಲ್ಲಿ ನಿಂತ ನೀರು ಬಿಸಿ ಸೆನ್ಸರಿಗೆ ತಾಗಿ ಪಿಂಗಾಣಿ ಒಡೆಯಿತು. ಯಾವಾಗಲೂ ಮೇಲ್ಬದಿಗೆ ಕೂರಿಸಿ.

ಟ್ಯೂನಿಂಗ್ ಎಲ್ಲ ರಸ್ತೆಯಲ್ಲೇ. ಭಾವನ ಮಡಿಲಲ್ಲಿ ಲ್ಯಾಪ್‌ಟಾಪ್, ನಾನು ಸ್ಟೇರಿಂಗ್. ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ. ಭಾವ ಬ್ಯಾಂಕಿನಲ್ಲಿ ಇದ್ದವರು, ನಂಬರ್ ನೋಡಿ ಅಭ್ಯಾಸ. ಮೂರನೇ ದಿನಕ್ಕೆ ಅವರೇ "ಎರಡು ಸಾವಿರ ಆರ್‌ಪಿಎಂನಲ್ಲಿ ಸ್ವಲ್ಪ ಒಣಗುತ್ತದೆ, ನಾಲ್ಕು ಕೂಡಿಸುವನಾ?" ಎನ್ನುವಷ್ಟಾದರು. ಯಾವಾಗ ಎಷ್ಟು ಪೆಟ್ರೋಲ್ ಎಂಬ ಟೇಬಲ್ ಒಂದು ಹದಕ್ಕೆ ಬರಲು ಏಳೆಂಟು ಓಟ ಬೇಕಾಯಿತು.

ಹಾಗೆ ಮಡಿಕೇರಿಗೆ ಹೋದ ದಿನ ಸಂಪಾಜೆ ದಾಟಿ ಘಾಟಿ ತಿರುವಿನಲ್ಲಿ ಕಾರು ಒಮ್ಮೆಲೇ ಸತ್ತಿತು. ನಿಂತ ಮೇಲೆ ಸ್ಟಾರ್ಟ್ ಆಗುತ್ತದೆ, ಮುಂದಿನ ತಿರುವಿನಲ್ಲಿ ಪುನಃ ಸಾಯುತ್ತದೆ. ಟ್ಯಾಂಕ್ ಕಾಲು ಭಾಗ ಇತ್ತು. ಹಳೆ ಟ್ಯಾಂಕಿನ ಒಳಗೆ ಪೆಟ್ರೋಲ್ ಒಂದು ಮೂಲೆಗೆ ಓಡುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಕಾರ್ಬಿನಲ್ಲಿ ಪೆಟ್ರೋಲ್ ತುಂಬಿದ ಬೌಲ್ ಇರುತ್ತದೆ, ಎರಡು ಸೆಕೆಂಡ್ ಗಾಳಿ ಬಂದರೂ ಗೊತ್ತಾಗುವುದಿಲ್ಲ. ಇಂಜೆಕ್ಷನ್ ಅರ್ಧ ಸೆಕೆಂಡ್ ಕೂಡ ತಡೆಯುವುದಿಲ್ಲ. ಮೂರು ಇಂಚಿನ ಸ್ಟೀಲ್ ಪೈಪಿನಲ್ಲಿ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ ಮಾಡಿಸಿ ಡಿಕ್ಕಿಯಲ್ಲಿ ಇಟ್ಟೆ. ಸಣ್ಣ ಪಂಪ್ ಅದನ್ನು ತುಂಬಿಸುತ್ತಲೇ ಇರುತ್ತದೆ, ದೊಡ್ಡ ಪಂಪ್ ಅದರಿಂದ ಎಳೆಯುತ್ತದೆ, ಹೆಚ್ಚಾದದ್ದು ಟ್ಯಾಂಕಿಗೆ ವಾಪಸ್. ವಾಪಸ್ ಪೈಪಿಗಾಗಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ಜೀವ ಹೋಗುತ್ತದೆ. ನಾನು ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟಿನ ಪ್ಲೇಟಿಗೇ ತೂತು ಕೊರೆದು ನಿಪ್ಪಲ್ ಕೂರಿಸಿದೆ. ಎಂಜಿನ್ ನಿಂತರೆ ಪಂಪೂ ನಿಲ್ಲುವ ಹಾಗೆ ರಿಲೇ ಇಸಿಯು ಕೈಯಲ್ಲೇ ಇರಬೇಕು. ಹೋಸು ಇಂಜೆಕ್ಷನ್‌ನದ್ದೇ ಆಗಬೇಕು. ಮಾಮೂಲಿ ರಬ್ಬರ್ ಎಥನಾಲಿಗೆ ಮೆತ್ತಗಾಗಿ ಬೆರಳಿಗೆ ಮಸಿ ಹತ್ತುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಬೋರ್ಡ್, ವೈಡ್‌ಬ್ಯಾಂಡ್, ಪಂಪ್‌ಗಳು, ಥ್ರಾಟಲ್ ಬಾಡಿ, ಲೇತ್, ವೆಲ್ಡಿಂಗ್, ವಯರ್ ಎಲ್ಲ ಸೇರಿ ಅರುವತ್ತು ಸಾವಿರದ ಹತ್ತಿರ. ತಪ್ಪುಗಳಿಗೆ ಹೋದದ್ದು ನಲವತ್ತೈದು ಸಾವಿರ ಇರಬಹುದು. ಹಳೆ ಚಾಲಿ ಅಡಿಕೆ ಎರಡು ಕ್ವಿಂಟಾಲಿನಷ್ಟು ಇದಕ್ಕೇ ಕೊಟ್ಟೆ. ದಾರಿ ಗೊತ್ತಿದ್ದವರು ಅರುವತ್ತರಲ್ಲಿ ಮುಗಿಸಬಹುದು.

ಮೈಲೇಜ್ ಎಂಟು ಇದ್ದದ್ದು ಹನ್ನೊಂದು ಕೊಡುತ್ತದೆ. ಹೊಗೆ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಮೊದಲು ಶೇಕಡ ನಾಲ್ಕರ ಹತ್ತಿರ ಬಂದು ಫೇಲ್ ಆಗಿತ್ತು. ಈ ಸಲ ಶೇಕಡ ಅರ್ಧಕ್ಕಿಂತ ಕಡಿಮೆ, ಟೆಸ್ಟ್ ಮಾಡುವ ಹುಡುಗ ಪೈಪ್ ಸರಿಯಾಗಿ ಹಾಕಿದ್ದೇನಾ ಎಂದು ಎರಡು ಸಲ ನೋಡಿದ. ಮಡಿಕೇರಿ ಘಾಟಿ ಮೂರನೇ ಗೇರಿನಲ್ಲಿ ಎಳೆಯುತ್ತದೆ. ಬೆಳಗಿನ ಸ್ಟಾರ್ಟಿಗೆ ಕೊಟ್ಟ ನಂಬರ್‌ಗಳನ್ನು ಮಾತ್ರ ಬರೆಯುವುದಿಲ್ಲ. ಎರಡು ಮಳೆಗಾಲ ಬೇಕಾಯಿತು ಅದಕ್ಕೆ. ಮನೆಗೆ ಬಂದರೆ ತೋರಿಸುತ್ತೇನೆ.

ಹೋದ ತಿಂಗಳು ಆಶಾನ್ ಬಂದರು. ಬಾನೆಟ್ ಎತ್ತಿಸಿ ತುಂಬಾ ಹೊತ್ತು ಕಿವಿ ಕೊಟ್ಟರು. ಆಮೇಲೆ ತಮ್ಮ ಹಳೆ ಅಂಬಾಸಿಡರಿಗೂ ಹೀಗೇ ಮಾಡಬಹುದಾ ಎಂದು ಕೇಳಿದರು. ಅದು 1489 ಸಿಸಿಯ ಹಳೆ ಎಂಜಿನ್. ಎರಡೆರಡು ಸಿಲಿಂಡರಿಗೆ ಒಂದೇ ಇನ್‌ಟೇಕ್ ಬಾಯಿ. ನಾಲ್ಕು ಇಂಜೆಕ್ಟರ್ ಕೊಟ್ಟರೆ ಒಂದರ ಪಾಲನ್ನು ಇನ್ನೊಂದು ಕದಿಯುತ್ತದೆ. ಆದರೆ ಅದರಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಕಡೆ, ಮ್ಯಾನಿಫೋಲ್ಡ್ ಒಳ್ಳೆ ಬಿಸಿ ಇರುತ್ತದೆ. ನನ್ನಲ್ಲಿ ಸೋತ ಆ ಸಿಂಗಲ್ ಪಾಯಿಂಟ್ ಪ್ಲೇಟ್ ಅಟ್ಟದಲ್ಲೇ ಇತ್ತು. ಇಳಿಸಿ ಧೂಳು ಒರೆಸಿ ಕೊಟ್ಟೆ. "ತೂತು ಎರಡು ನೂಲು (ಕಾಲು ಇಂಚು) ಹೊರಗೆ ಬರಬೇಕು" ಎಂದು ಆಶಾನ್ ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನಾಡಿದ್ದು ಲೇತಿಗೆ ಹೋಗುವುದು.